ಶಿಗೆನೊ ಅಜ್ಜಿ ಎರಚಿದ ನೀರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನ್ನದಿನ್ನೂ ಇಳಿದಿಲ್ಲ.

ಕ್ಯೋಟೋದ ಹಳೆಯ ಓಣಿಗಳಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ತೋರಿಸುವುದು ನನ್ನ ಕೆಲಸ. ನಮ್ಮಲ್ಲಿ ಅವರವರ ಮನೆಯ ಮುಂದೆ ಅವರವರೇ ಗುಡಿಸಿ ನೀರು ಹಾಕಬೇಕು. ಪಕ್ಕದವರ ಕಡೆಗೆ ಒಂದು ಗೇಣು ದಾಟಿದರೆ ಮರ್ಯಾದೆ, ಅದಕ್ಕಿಂತ ಹೆಚ್ಚಾದರೆ ಅಧಿಕಪ್ರಸಂಗ. ಅಂಥದೊಂದು ಓಣಿಯ ಶಿಗೆನೊ ಅಜ್ಜಿ ಮಾತ್ರ ನನ್ನ ಗುಂಪು ಅವಳ ಮನೆ ಮುಂದೆ ಬಂದಾಗಲೇ ಬಕೆಟ್ ಹಿಡಿದು ಬರುತ್ತಿದ್ದಳು.

"ಇದೇನು ಮನೆಯೋ, ಮ್ಯೂಸಿಯಮ್ಮೋ? ನಡಿಯಯ್ಯ ಆಚೆ!" ಅಂತ ಕಾಲಿಗೇ ಎರಚುತ್ತಿದ್ದಳು. ನಾನೂ ಜಗ್ಗದೆ ಅಲ್ಲೇ ನಿಂತು ಮಾತು ಮುಗಿಸುತ್ತಿದ್ದೆ.

ಚಳಿಗಾಲದಲ್ಲಿ ಅವಳು ಸತ್ತಳು. ಮನೆ ಕೆಡವಿದರು. ಆಗಸ್ಟಿನ ಉರಿಬಿಸಿಲಲ್ಲಿ ಗುಂಪಿನೊಡನೆ ಹೋದರೆ, ಆ ಖಾಲಿ ಜಾಗದ ಮುಂದೆ ಕಲ್ಲುಹಾಸೆಲ್ಲ ಒದ್ದೆ. ನೀರು ಎರಡೂ ಕಡೆ ಸರಿಯಾಗಿ ಒಂದೊಂದು ಗೇಣು ದಾಟಿ ನಿಂತಿತ್ತು. ಬಾವಿಯೊಳಗಿನಂಥ ತಣುಪು ಏಳುತ್ತಿತ್ತು.

ಪಕ್ಕದ ಮನೆಯ ಒಕುಮುರಾ ಅಕ್ಕನ ಮೇಲೆ ರೇಗಿದೆ. "ಏನಕ್ಕ, ತಮಾಷೆ ಮಾಡ್ತೀರಾ?"

"ಬದುಕಿದ್ದಾಗ್ಲೂ ಅವಳನ್ನ ಬಿಡ್ಲಿಲ್ಲ, ಸತ್ಮೇಲೂ ಬಿಡಲ್ವಲ್ಲ ನೀವು! ನಾನ್ಯಾಕ್ರೀ ಅವಳ ಜಾಗಕ್ಕೆ ನೀರು ಹಾಕ್ಲಿ?"

ಒದ್ದೆಯ ನಡುವೆ ಎರಡು ಪಾದದಷ್ಟು ಜಾಗ ಮಾತ್ರ ಒಣಗಿಯೇ ಇತ್ತು, ಯಾರೋ ನಿಂತಿದ್ದಾಗಲೇ ಸುತ್ತ ಎರಚಿದ ಹಾಗೆ. ಸಿಟ್ಟಿನಲ್ಲೇ ಹೋಗಿ ಅದರ ಮೇಲೆ ನಿಂತೆ.

ಹಿಂದಿನ ದಿನವಷ್ಟೇ ಬಲಗಾಲಿನ ಬೆರಳು ಜಜ್ಜಿಹೋಗಿದ್ದರಿಂದ ಅವತ್ತು ಎಡಗಾಲಿಗೆ ಬೂಟು, ಬಲಗಾಲಿಗೆ ಅಗಲವಾದ ಚಪ್ಪಲಿ ಹಾಕಿದ್ದೆ. ಆ ಒಣ ಗುರುತೂ ಹಾಗೇ ಇತ್ತು: ಎಡದ್ದು ಕಿರಿದು, ಬಲದ್ದು ಅಗಲ.