ಪಟ್ಟಿಯಲ್ಲಿ ಉಳಿದ ಹೇಮಾವತಿ

“ನಮ್ಮಮ್ಮನ ಹೆಸರು ಹೊಡೆದ್ರೆ ನೋಡಿ ಟೀಚರ್! ಆ ಪೆನ್ನು ಒಳಗಿಡಿ ಮೊದ್ಲು!”

ಬಾಗಿಲಲ್ಲಿ ನಿಂತ ಗುರುಮೂರ್ತಿಯ ದನಿಗೆ ಸಂಗೀತಾ ಬೆಚ್ಚಿಬಿದ್ದಳು. ಅಜ್ಜಂಪುರದ ಅಂಗನವಾಡಿ ಟೀಚರ್ ಅವಳು. ಬೆಳಗ್ಗೆಯೆಲ್ಲ ಮಕ್ಕಳ ಮೊಟ್ಟೆ, ಉಪ್ಪಿಟ್ಟು, ತೂಕ. ಮಧ್ಯಾಹ್ನದ ಮೇಲೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವ ಡ್ಯೂಟಿ. ಆ್ಯಪ್ ತೆರೆಯುವುದಿಲ್ಲ, ಸೂಪರ್‌ವೈಸರ್ ಫೋನ್ ನಿಲ್ಲುವುದಿಲ್ಲ. ಈಗ ಇವನೊಬ್ಬ!

“ನನ್ ಮೇಲೆ ಯಾಕ್ರೀ ಕೂಗಾಡ್ತೀರಾ? ತೀರ್ಕೊಂಡೋರ ಹೆಸರು ತೆಗೀಬೇಕು ಅಂತ ರೂಲ್ಸಿದೆ. ಈ ಫಾರಂಗೆ ಒಂದು ಸೈನ್ ಹಾಕಿ, ಸಾಕು.”

ಅವನು ಫಾರಂ ಮುಟ್ಟಲಿಲ್ಲ. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡಿ ಕಪ್ಪಾಗಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ರೇಷನ್ ಕಾರ್ಡಿಂದ ತೆಗೆದ್ರು. ಪೆನ್ಷನ್‌ನಿಂದ ತೆಗೆದ್ರು. ಸಂಘದ ಪುಸ್ತಕದಲ್ಲೂ ಗೀಟು ಎಳೆದ್ರು. ಅಮ್ಮ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ ಕಣ್ರೀ... ಇದೊಂದ್ರಲ್ಲಾದ್ರೂ ಇರ್ಲಿ ಬಿಡಿ.”

ಸಂಗೀತಾ ಪಟ್ಟಿ ನೋಡಿದಳು. ಹೇಮಾವತಿ, ವಯಸ್ಸು ಅರವತ್ತೊಂದು. ತಪ್ಪೆಂದು ಗೊತ್ತಿದ್ದೂ ‘ವಾಸವಿದ್ದಾರೆ’ ಎಂಬಲ್ಲಿ ಟಿಕ್ ಹಾಕಿ ಮೆಟ್ಟಿಲಿಳಿದುಬಿಟ್ಟಳು.

ಮೆತ್ತನೆ ಮನಸ್ಸಿನವರ ಕೈಗೆ ಸರ್ಕಾರಿ ಪೆನ್ನು ಕೊಡಬಾರದು ನೋಡಿ!

ಆಮೇಲೆ ಅವನ ರಿಪೇರಿ ಅಂಗಡಿ ಮುಂದೆ ಅವಳು ಹಾದುಹೋದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ. ಒಂದು ದಿನ ಬಂದು ಅಂಗನವಾಡಿಯ ಕೆಟ್ಟ ಫ್ಯಾನ್ ಸರಿಮಾಡಿಕೊಟ್ಟ. “ಟೀ ಕುಡೀರಿ” ಎಂದರೆ ನಾಚಿಕೊಂಡ. ಸಂಗೀತಾಗೆ ಮನೆಗೆ ಆ ದಾರಿಯೇ ಹತ್ತಿರ ಎನಿಸತೊಡಗಿತು. ಅದು ಸುತ್ತುದಾರಿ ಅಂತ ಅವಳಿಗೂ ಗೊತ್ತಿತ್ತು!

ಮನೆಯಲ್ಲಿ ಮಾತ್ರ ಸಂಜೆಯಾದರೆ ನೆಮ್ಮದಿಯಿಲ್ಲ. ಅಪ್ಪ ತೀರ್ಥಪ್ಪ ಟಿವಿ ಬಿಟ್ಟು ಏಳುವುದಿಲ್ಲ. ‘ಸತ್ತವರ ಹೆಸರಲ್ಲಿ ವೋಟು!’ ಎಂದು ಎಲ್ಲ ಪಕ್ಷದವರದೂ ಕಿರುಚಾಟ.

“ಇಂಥ ಪಟ್ಟಿ ಮಾಡ್ದೋರನ್ನ ಒಳಗ್ಹಾಕ್ಬೇಕು ಕಣೇ!” ಎಂದರು ಅಪ್ಪ.

ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಅದೆಲ್ಲ ದೆಹಲಿ, ಬೆಂಗಳೂರಿನವರ ಜಗಳ ಎಂದುಕೊಂಡಿದ್ದಳು. ಆದರೆ ಆ ಟಿಕ್ ಹಾಕಿದ್ದು ತನ್ನ ಕೈ!

ವಾರದಲ್ಲೇ ನೋಟಿಸ್ ಬಂತು. ಮೃತರನ್ನು ಪಟ್ಟಿಯಲ್ಲಿ ಉಳಿಸಿದ್ದೇಕೆ? ಕೆಲಸದಿಂದ ಏಕೆ ತೆಗೆಯಬಾರದು? ದೂರು ಕೊಟ್ಟವನು ಪಕ್ಷದ ಕೆಲಸ ಮಾಡುವ ಚೌಡಪ್ಪ. ಹಿಂದಿನ ದಿನವಷ್ಟೇ ಅವನು ಗುರುಮೂರ್ತಿಯ ಅಂಗಡಿಯಲ್ಲಿ ಕೂತು ನಗುತ್ತಿದ್ದುದನ್ನು ಅವಳೇ ಕಂಡಿದ್ದಳು.

‘ಅಂದರೆ... ಇವನೇ ಹೇಳಿಕೊಟ್ಟನಾ? ನನ್ನನ್ನು ನಂಬಿಸಿ?’

ನೇರ ಅಂಗಡಿಗೆ ಹೋದಳು. “ಅಯ್ಯೋ ಪಾಪ ಅಂದಿದ್ದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲಾ!”

“ನಾನಲ್ಲ ಟೀಚರ್... ಅವ್ನು ಮೋಟಾರ್ ರಿಪೇರಿಗೆ ಬಂದಿದ್ದ ಅಷ್ಟೇ...”

ಅವಳು ಕೇಳಿಸಿಕೊಳ್ಳಲಿಲ್ಲ. ನಾಲ್ಕು ದಿನ ಅನ್ನ ಸೇರಲಿಲ್ಲ. ಮಕ್ಕಳು ಹಾಡು ಹೇಳಿಕೊಡಿ ಎಂದರೂ ದನಿ ಏಳಲಿಲ್ಲ.

ವಿಚಾರಣೆಯ ದಿನ ಅವಳು ತಾಲ್ಲೂಕು ಕಚೇರಿಗೆ ಹೋಗುವಷ್ಟರಲ್ಲಿ, ತಹಸೀಲ್ದಾರ್ ಮೇಡಂ ಎದುರು ಗುರುಮೂರ್ತಿ ನಿಂತಿದ್ದ. ಮೇಜಿನ ಮೇಲೆ ತಾಯಿಯ ಡೆತ್ ಸರ್ಟಿಫಿಕೇಟ್, ಸೈನ್ ಹಾಕಿದ ಫಾರಂ.

“ತಪ್ಪು ನಂದು ಮೇಡಂ. ಸೈನ್ ಹಾಕಲ್ಲ ಅಂತ ಇವ್ರನ್ನ ಬೈದು ಕಳ್ಸಿದ್ದು ನಾನೇ. ಚೌಡಪ್ಪ ನಮ್ಮಮ್ಮನ ಮಣ್ಣಿಗೆ ಬಂದಿದ್ದೋನು. ಸ್ಕೂಲ್ ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿ ದೂರು ಕೊಟ್ಟವ್ನೆ. ಶಿಕ್ಷೆ ಕೊಡೋದಿದ್ರೆ ನಂಗೇ ಕೊಡಿ.”

ಮೇಡಂ ಎಚ್ಚರಿಕೆ ಬರೆದು ಬಿಟ್ಟರು. ಕೆಲಸ ಉಳಿಯಿತು, ಫೈಲಿನಲ್ಲೊಂದು ಕಪ್ಪು ಚುಕ್ಕೆಯೂ ಉಳಿಯಿತು. ಹೇಮಾವತಿಯ ಹೆಸರಿನ ಮೇಲೆ ಗೆರೆ ಎಳೆಯಬೇಕಾದದ್ದು ಸಂಗೀತಾಳೇ. ಅವನ ಎದುರಿಗೇ ಎಳೆದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು.

“ಏನೇನೋ ಅಂದ್ಬಿಟ್ಟೆ... ಕ್ಷಮಿಸ್ಬಿಡಿ.”

“ಅಂದ್ರೆ ಏನಾಯ್ತು ಬಿಡಿ. ಕಾಗದದಲ್ಲಿ ಅಮ್ಮ ಇದ್ರೂ ಮನೆ ಖಾಲೀನೇ ಇತ್ತು. ನೀವು ನಾಲ್ಕು ದಿನ ಆ ದಾರೀಲಿ ಬರ್ಲಿಲ್ಲ ನೋಡಿ, ಜೀವಾನೇ ಹೋದಂಗಾಯ್ತು. ನಂಗೆ ನೀವು ಬೇಕು ಟೀಚರ್. ಇಷ್ಟೇ ನಂಗೆ ಹೇಳೋಕೆ ಬರೋದು.”

ಸಂಗೀತಾಳ ಕಣ್ಣು ತುಂಬಿ ಹರಿಯಿತು. ಪಕ್ಕಕ್ಕೆ ಸರಿದು ಅವನಿಗೂ ಜಾಗ ಬಿಟ್ಟಳು.

“ಅತ್ತೆ ಹೆಂಗಿದ್ರು? ಹೇಳಿ...”

‘ಅತ್ತೆ’ ಎಂಬ ಮಾತು ಕೇಳಿ ಗುರುಮೂರ್ತಿ ಅವಳ ಪಕ್ಕ ಬಂದು ಕೂತ.

“ಸಿಟ್ಟು ಜಾಸ್ತಿ... ಆದ್ರೆ ಯಾರ್ನೂ ಉಣ್ಣಿಸ್ದೆ ಕಳಿಸ್ತಿರ್ಲಿಲ್ಲ.”

“ಇನ್ನೂ ಹೇಳಿ.”

“ಹೇಳ್ತಾ ಕೂತ್ರೆ ಹೊತ್ತಾಗುತ್ತೆ ಸಂಗೀತಾ.”

“ಆಗ್ಲಿ ಕಣ್ರೀ. ನಾನೆಲ್ಲೂ ಹೋಗಲ್ಲ.”