ಮಬ್ಬು ಫೋಟೋದೊಳಗಿನ ಮೈಲಾರಿ

"ಅವ್ವಾ... ಅಪ್ಪ ಎಲ್ಲಿ ಹೋದ?"

ರೊಟ್ಟಿ ಬಡಿಯುತ್ತಿದ್ದ ದಾನೇಶ್ವರಿಯ ಕೈ ನಿಂತಿತು. ಸಾಲಿಯ ಅಂಗಿ ತೊಟ್ಟು, ಎರಡು ಜಡೆ ಹಾಕಿಸಿಕೊಂಡು ತಯಾರಾಗಿದ್ದ ಮಗಳು ಬಾಳಿ ಮೊಬೈಲನ್ನು ಮುಖದ ಹತ್ತಿರ ಹಿಡಿದು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಿದ್ದಳು. ದಿನಾ ಮುಂಜಾನೆ ಆ ಕೂಸಿನದು ಒಂದೇ ಕೆಲಸ. ಫೋಟೋಗ್ರಾಫರ್ ಕಾಕಾ ಶಶಿಧರನ ಫೇಸ್‌ಬುಕ್ ಪೇಜು ತೆಗೆದು, ತಳದಲ್ಲಿರುವ ಹಳೇ ಫೋಟೋಕ್ಕೆ ಹೋಗಿ, "ಅಪ್ಪಾ, ಸಾಲಿಗಿ ಹೋಗಿ ಬರ್ತೇನಿ" ಎಂದು ಹೇಳುವುದು. ಹೇಳದೆ ಹೊಸ್ತಿಲು ದಾಟಿದವಳಲ್ಲ.

"ಅಲ್ಲೇ ಇರತಾನ, ಸರಿಯಾಗಿ ನೋಡು."

"ಇಲ್ಲವಾ! ಬರೀ ಯಾರಾರದೋ ಮದುವಿ ಅದಾವು. ಅಪ್ಪ ಇಲ್ಲ!"

ದಾನೇಶ್ವರಿ ಹಿಟ್ಟಿನ ಕೈಯಿಂದಲೇ ಮೊಬೈಲು ಕಸಿದುಕೊಂಡಳು. ತಳದವರೆಗೆ ಹೋದಳು. ಮತ್ತೆ ಮೇಲೆ ಬಂದಳು. ಝಗಝಗಿಸುವ ಮದುವೆಗಳು, ಆಕಾಶದಿಂದ ತೆಗೆದ ಮಂಟಪಗಳು, ಹೊಗೆಯೊಳಗೆ ಕುಣಿಯುವ ಮದುಮಕ್ಕಳು... ಅವಳ ಗಂಡ ಮೈಲಾರಿ ಇರಲಿಲ್ಲ. ಇಟ್ಟಂಗಿ ಭಟ್ಟಿಯ ಮುಂದೆ ಮೊಣಕಾಲವರೆಗೆ ಕೆಸರು ಬಡಿದುಕೊಂಡು ನಿಂತ ಮೈಲಾರಿ, ಬಂಡಿಯ ಮೇಲೆ ಕುಳಿತು ಬೀಡಿ ಬಚ್ಚಿಡಲು ಹೋಗಿ ಸಿಕ್ಕಿಬಿದ್ದ ಮೈಲಾರಿ, ಬಾಯಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ ನಗುವ ಮೈಲಾರಿ... ಒಬ್ಬನೂ ಇರಲಿಲ್ಲ!

ಗಂಡ ಸತ್ತಾಗ ಬಾಳಿ ಹೊಟ್ಟೆಯಲ್ಲಿದ್ದಳು. ಮಣ್ಣು ತುಂಬಿದ ಟ್ರ್ಯಾಕ್ಟರ್ ಖಾನಾಪುರದ ಭಟ್ಟಿಯ ದಿಬ್ಬದಿಂದ ಮಗುಚಿತ್ತು. ಗೋಡೆಯ ಮೇಲೆ ಅವನ ಒಂದು ಫೋಟೋ ಇದೆ, ಇಲ್ಲವೆಂದಲ್ಲ. ಆದರೆ ಅದು ಸತ್ತವರಿಗೆಲ್ಲ ಸ್ಟುಡಿಯೋದವರು ಮಾಡಿಕೊಡುವ ಫೋಟೋ. ಆಧಾರ ಕಾರ್ಡಿನ ತಲೆ ಕತ್ತರಿಸಿ, ಯಾರದೋ ನೀಲಿ ಕೋಟು-ಟೈ ಇದ್ದ ಮೈಗೆ ಅಂಟಿಸಿ, ಹಿಂದೆ ಒಂದು ಗುಲಾಬಿ ತೋಟ ಇಟ್ಟದ್ದು. ಜೀವಮಾನದಲ್ಲಿ ಕೋಟು ಮುಟ್ಟದ ಮನುಷ್ಯ ಸತ್ತ ಮೇಲೆ ಬ್ಯಾಂಕಿನ ಮ್ಯಾನೇಜರನಂತೆ ಗೋಡೆಗೆ ನೇತಾಡುತ್ತಿದ್ದ. ಬಾಳಿ ಅದನ್ನು "ಸಾಹೇಬ" ಎಂದು ಕರೆಯುತ್ತಿದ್ದಳು. ಅಪ್ಪ ಎಂದರೆ ಅವಳಿಗೆ ಆ ಮಬ್ಬು ಫೋಟೋಗಳೇ.

ಅವು ಕೆಟ್ಟ ಫೋಟೋಗಳೇ ಹೌದು. ಕ್ಯಾಮೆರಾ ಹಿಡಿಯಲು ಬಾರದ ದಿನಗಳಲ್ಲಿ ಮೈದುನ ಶಶಿಧರ ತೆಗೆದದ್ದು. ಒಂದರಲ್ಲಿ ಬೆಳಕು ಹಿಂದಿನಿಂದ ಬಂದು ಮುಖ ಅರ್ಧ ಕಪ್ಪು. ಇನ್ನೊಂದರಲ್ಲಿ ಅವನದೇ ಹೆಬ್ಬೆರಳು ಅಡ್ಡ. ನಗುವ ಫೋಟೋದಲ್ಲಂತೂ ಕೈ ನಡುಗಿ ಹಲ್ಲುಗಳೆಲ್ಲ ಒಂದು ಬಿಳಿ ಗೆರೆಯಾಗಿದ್ದವು. ಅವನ್ನು ಯಾರೂ ಪ್ರತಿ ಮಾಡಿ ಇಟ್ಟುಕೊಂಡಿರಲಿಲ್ಲ. ಭಟ್ಟಿಯ ಸಾಲುಮನೆಯವರಿಗೆಲ್ಲ ಒಂದೇ ನಂಬಿಕೆ: 'ಶಶಿ ಪೇಜಿನಾಗ ಐತಿ.' ಪೆಟ್ಟಿಗೆಯಲ್ಲಿ ಇಟ್ಟಷ್ಟೇ ಗಟ್ಟಿ ಅದು ಎಂದು ತಿಳಿದಿದ್ದರು. ಪೆಟ್ಟಿಗೆಯ ಕೀಲಿ ಬೇರೆಯವರ ಹತ್ತಿರ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ದಾನೇಶ್ವರಿ ಶಶಿಧರನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. "ಮೀಟಿಂಗ್‌ನಾಗ ಅದೀನ್ರಿ ವೈನಿ" ಎಂದು ಅತ್ತಿಗೆಗೆ ಮೆಸೇಜು ಬಂತು.

ಮೀಟಿಂಗಂತೆ! ನಿನ್ನೆ ಮೊನ್ನೆಯವರೆಗೆ ಇವಳ ಕೈಯಲ್ಲಿ ಮೂಗು ಒರೆಸಿಕೊಂಡ ಹುಡುಗ! ದಾನೇಶ್ವರಿ ಹಂಚಿನ ಮೇಲಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟಳು. ಬಾಜು ಮನೆಯ ನಜ್ಮುನ್ನಿಸಾಳಿಗೆ ಬಾಳಿಯನ್ನು ಒಪ್ಪಿಸಿ, ಬೆಳಗಾವಿಯ ಬಸ್ಸು ಹತ್ತಿದಳು.

ಖಾಸಬಾಗದಲ್ಲಿ ಶಶಿಧರನ ಸ್ಟುಡಿಯೋಕ್ಕೆ ಈಗ ಗಾಜಿನ ಬಾಗಿಲು. ಒಳಗೆ ಹೋದ ಕೂಡಲೆ ಕಾಣುವುದು ದಾನೇಶ್ವರಿಯದೇ ಮುಖ! ಎದುರಿನ ಗೋಡೆಯ ತುಂಬ ಅವಳದೇ ಕಪ್ಪು-ಬಿಳುಪಿನ ಫೋಟೋ. ತಲೆಯ ಮೇಲೆ ಇಟ್ಟಂಗಿ, ಹಣೆಯ ಮೇಲೆ ಬೆವರಿನ ಹನಿ, ಹಿಂದೆ ಭಟ್ಟಿಯ ಹೊಗೆ. ಗಂಡ ಸತ್ತ ಮೇಲೆ ಹಸಿ ಬಾಣಂತಿತನ ಮುಗಿಯುವ ಮೊದಲೇ ಅವಳು ಕೆಲಸಕ್ಕೆ ಹೋದಾಗ ಶಶಿಧರ ತೆಗೆದದ್ದು. ಅದಕ್ಕೆ 'ಶ್ರಮದ ಸೌಂದರ್ಯ' ಎಂದು ಹೆಸರಿಟ್ಟು ಸ್ಪರ್ಧೆಗೆ ಕಳಿಸಿದ್ದ, ಬಹುಮಾನ ಬಂದಿತ್ತು. ಆ ಫೋಟೋದಿಂದಲೇ ಅವನ ಹೆಸರು ಊರಿಗೆ ಗೊತ್ತಾದದ್ದು. ಅವಳಿಗೆ ಆಗ ಹೊಟ್ಟೆಗೆ ಕೂಳಿರಲಿಲ್ಲ, ಎದೆಯಲ್ಲಿ ಹಾಲಿರಲಿಲ್ಲ... ಸೌಂದರ್ಯವಂತೆ!

ಮೇಜಿನ ಹಿಂದೆ ಕುಳಿತಿದ್ದ ನೆಗೆಣ್ಣಿ ಪ್ರಮಿಳಾ, ಶಶಿಧರನ ಹೆಂಡತಿ, ತಲೆ ಎತ್ತಿ ನೋಡಿದಳು. ಮೊದಲು ನೋಡಿದ್ದು ದಾನೇಶ್ವರಿಯ ಕಾಲು.

"ಅಯ್ಯ, ಅಕ್ಕಾರ! ಚಪ್ಪಲಿ ಹೊರಗ ಬಿಡ್ರಿ ಸ್ವಲ್ಪ. ಸಂಜಿಗಿ ದೊಡ್ಡ ಮಂದಿ ಬರಾವ್ರು ಅದಾರ, ಈಗ ನೆಲ ಒರೆಸ್ಯಾರ."

"ನನ್ನ ಗಂಡನ ಫೋಟೋ ಎಲ್ಲದಾವ?"

"ಯಾವ ಫೋಟೋ?"

"ಪೇಜಿನಾಗಿದ್ದವು."

"ಓ, ಅವ?" ಪ್ರಮಿಳಾ ಹಣೆಯ ಮೇಲಿನ ಕೂದಲು ಹಿಂದೆ ಸರಿಸಿದಳು. "ಕ್ಲೀನ್ ಮಾಡಿದ್ವಿ. ಮೊನ್ನೆ ಹೋಟೆಲಿನಾಗ ಪುಣೇದ ಸರ್ ಒಬ್ರು ಕ್ಲಾಸ್ ತಗೊಂಡಿದ್ರು. ಮಂದಿ ನಿಮ್ಮ ಚಲೋ ಫೋಟೋ ನೋಡಿ ನೆನಪಿಡೂದಿಲ್ಲ, ಒಂದು ಕೆಟ್ಟ ಫೋಟೋ ನೋಡಿ ನಿಮ್ಮನ್ನ ಅಳೀತಾರ, ಹಳೇ ಹೊಲಸೆಲ್ಲ ತೆಗೀರಿ ಅಂದ್ರು. ತೆಗದ್ವಿ."

"ಹೊಲಸ?"

"ಖರೇ ಹೇಳ್ತೇನಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕೆಸರು ಕಾಲು, ಬೀಡಿ, ಹರಕ ಬನಿಯನ್ನು... ಕೋಟಿ ರೊಕ್ಕದ ಮಂದಿ ಮದುವಿ ಆರ್ಡರ್ ಕೊಡಾಕ ಬಂದಾಗ ಅದನ್ನ ನೋಡ್ಬೇಕೇನ? ಕೆಳಗ ಮತ್ತ ನಿಮ್ಮ ಊರ ಮಂದಿ 'ಭಟ್ಟಿ ಶಶಿ, ಭಟ್ಟಿ ಶಶಿ' ಅಂತ ಬರೀತಿದ್ರು! ನಮಗೂ ಒಂದು ಮರ್ಯಾದಿ ಅಂತ ಐತಿ."

ದಾನೇಶ್ವರಿ ಅವಳನ್ನು ನೋಡಿದಳು. ಬೈಯಲು ಬಾಯಿಗೆ ಬಂದದ್ದು ಬಹಳವಿತ್ತು. ಆದರೆ ಈ ಹೆಂಗಸಿಗೆ ಬೈದು ಬಾಯಿ ಯಾಕೆ ದಣಿಸಬೇಕು? ಇವಳೇನು ಮೈಲಾರಿಯ ಬೆನ್ನ ಮೇಲೆ ಕುಳಿತು ಸಾಲಿಗೆ ಹೋದವಳೇ? ಹೋದವನು ಒಳಗಿದ್ದಾನೆ!

"ಶಶೀ! ಹೊರಗ ಬಾರೋ!"

ಶಶಿಧರ ಬಂದ. ಗಡ್ಡ ತೀಡಿಸಿಕೊಂಡಿದ್ದ. ಮೈಗೆ ಅಂಟಿದ ಕರಿ ಅಂಗಿ. ವೈನಿಯನ್ನು ನೋಡಿದ ಕೂಡಲೆ ಬಗ್ಗಿ ಕಾಲಿಗೆ ಬೀಳಲು ಬಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಕಾಲು ಬ್ಯಾಡ. ಫೋಟೋ ಕೊಡು."

"ವೈನಿ, ಕುಂದರ್ರಿ. ಚಾ ತರಸ್ತೇನಿ..."

"ಚಾ ಕುಡಿಯಾಕ ಬಂದಿಲ್ಲ. ಮಗಳು ಸಾಲಿಗಿ ಹೋಗಿಲ್ಲ. ಅಪ್ಪಗ ಹೇಳದ ಹೋಗೂದಿಲ್ಲ ಅಂತ ನೆಲಕ್ಕ ಬಿದ್ದು ಅಳಾಕತ್ತೈತಿ. ನಿನ್ನ ಪೇಜಿನಾಗ ಹಾಕೂದು ಬ್ಯಾಡ. ನನ್ನ ಮೊಬೈಲಿಗಿ ಕಳಸು, ಹೊಂಟೆ."

ಶಶಿಧರ ಕೈಯಲ್ಲಿದ್ದ ಬೆಲೆಯುಳ್ಳ ಮೊಬೈಲನ್ನು ತಿರುಗಿಸುತ್ತ ನಿಂತ.

"ನಿನ್ನ ಹತ್ರ ಅದಾವಲ್ಲೋ?"

"ವೈನಿ... ಆ ಕ್ಯಾಮೆರಾದ ಕಾರ್ಡ್ ಯಾವಾಗೋ ಕೆಟ್ಟು ಹೋಗೇತಿ. ಪೇಜಿನಾಗ ಅಷ್ಟ ಇದ್ವು."

"ಅಳಿಸಿದ್ದು ಕೆಲವು ದಿನ ಕಸದ ಬುಟ್ಟಿಯೊಳಗ ಇರತಾವಂತಲ್ಲ? ನಜ್ಮುನ್ನಿಸಾನ ಮಗಳು ಹೇಳಿದ್ಲು. ಬುಟ್ಟಿ ತೆಗಿ!"

"ಅದನ್ನೂ... ಖಾಲಿ ಮಾಡೇನ್ರಿ."

ದಾನೇಶ್ವರಿ ಕುರ್ಚಿ ಹಿಡಿದುಕೊಂಡಳು. ಅಯ್ಯೋ... ಅಂದು ಟ್ರ್ಯಾಕ್ಟರಿನ ಕೆಳಗಿನಿಂದ ಹೆಣ ಎಳೆದಾಗಲೂ ಮುಖವೊಂದು ಉಳಿದಿತ್ತು. ಇಂದು ಅದೂ ಹೋಯಿತೇ? ಎರಡನೆಯ ಸಲ ಸತ್ತನೇ? ಅದೂ ಒಡಹುಟ್ಟಿದವನ ಬೆರಳಿನಿಂದ, ಚಾ ಕುಡಿಯುತ್ತ, ಕಾಲ ಮೇಲೆ ಕಾಲು ಹಾಕಿ!

"ಕ್ವಾಲಿಟಿ ಇರಲಿಲ್ರಿ ವೈನಿ," ಶಶಿಧರ ಗೊಣಗಿದ. "ಮಬ್ಬ ಇದ್ವು, ಅದಕ್ಕ..."

"ಕ್ವಾಲಿಟಿ! ಯಾರಿಗಿ ಕ್ವಾಲಿಟಿ ಇರಲಿಲ್ಲೋ? ಫೋಟೋ ತೆಗದಾಂವ ನೀ. ಮಬ್ಬ ಬಂದ್ರ ಅದು ನಿನ್ನ ಕೈಯ ತಪ್ಪು. ನೀ ಅಳಿಸಿದ್ದು ನಿನ್ನ ತಪ್ಪನ್ನಲ್ಲ, ನಿಮ್ಮಣ್ಣನ್ನ! ಮದುವಿ ಮನಿಯಾಗ ತಾಸುಗಟ್ಲೆ ತೋಳೆತ್ತಿ ನಿನಗ ಲೈಟ್ ಹಿಡೀತಿದ್ದವ್ರು ಯಾರು? ಉಂಡವರೆಲ್ಲ ಎದ್ದು ಹೋದ ಮ್ಯಾಲ ತಣ್ಣನ ಅನ್ನ ತಿಂದು, 'ನಮ್ಮ ಶಶಿ ಕಲೀಲಿ' ಅಂದವ್ರು ಯಾರು? ಆ ತೋಳು ನಿನಗ ಹೊಲಸಾತು?"

"ವೈನಿ, ಒಂದು ನಿಮಿಷ! ನಾ ಹೊಸಾದು ಮಾಡಿ ಕೊಡ್ತೇನಿ!" ಅವನು ಅವಸರದಿಂದ ಕಂಪ್ಯೂಟರಿನ ಮುಂದೆ ಕುಳಿತ. "ಈಗ ಹಂಥಾ ಆ್ಯಪ್ ಬಂದಾವ್ರಿ. ಆಧಾರ ಫೋಟೋ ಹಾಕಿದ್ರ ಸಾಕು, ನಗೂ ಹಂಗ ಮಾಡತೈತಿ. ನೋಡ್ರಿ, ನೋಡ್ರಿ..."

ಪರದೆಯ ಮೇಲೆ ಒಬ್ಬ ಗಂಡಸು ಮೂಡಿದ. ಬಿಳಿ ಮೈಬಣ್ಣ. ಬಾಚಿದ ತಲೆ. ಮೈಲಾರಿಯ ಎಡಗಣ್ಣು ಸ್ವಲ್ಪ ಮೆಳ್ಳಗಿತ್ತು, ಇವನ ಕಣ್ಣು ಎರಡೂ ನೇರ. ಮುತ್ತು ಪೋಣಿಸಿದಂಥ ಹಲ್ಲು ತೋರಿಸಿ ಅವನು ನಾಜೂಕಾಗಿ ನಗುತ್ತಿದ್ದ.

ದಾನೇಶ್ವರಿ ನೋಡಿದಳು. ನಕ್ಕುಬಿಟ್ಟಳು. ಆ ನಗೆ ಕೇಳಿ ಪ್ರಮಿಳಾ ಕೂಡ ಎದ್ದು ನಿಂತಳು.

"ಯಾರಪ್ಪ ಇಂವ? ನಿನ್ನ ಹೆಂಡತಿ ಕಡೇ ಬೀಗನ? ಪರಗಂಡಸನ್ನ ಮನ್ಯಾಗ ಇಟ್ಕೊಂಡು ಅಪ್ಪ ಅನ್ನು ಅಂತ ಮಗಳಿಗಿ ಹೇಳ್ಲೇನ? ಥೂ ನಿನ್ನ!"

ಶಶಿಧರನ ಕಿವಿ ಕೆಂಪಾದವು. ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದುರಿನ ಗೋಡೆಯ ಕಡೆ ತಿರುಗಿದಳು.

"ಅದರಾಗೂ ಭಟ್ಟಿ ಐತಿ. ಅದರಾಗೂ ಕೆಸರು ಐತಿ. ಹರಕ ಸೀರಿ ಐತಿ. ಅದು ಯಾಕ ಹೊಲಸಲ್ಲ?"

ಶಶಿಧರ ಕಂಪ್ಯೂಟರಿನ ಪರದೆ ಆರಿಸಿದ.

"ಹೇಳ್ಲೇನ? ನನ್ನ ಬೆವರು ಮಾರಾಟಕ್ಕ ಹೋಗತೈತಿ, ಅವರ ನಗು ಹೋಗಂಗಿಲ್ಲ. ತೆಗಿ ಅದನ್ನ! ಪೇಜಿನಿಂದನೂ ತೆಗಿ, ಗೋಡಿಯಿಂದನೂ ತೆಗಿ."

"ಏನ್ ಮಾತಾಡ್ತೀರಿ ಅಕ್ಕಾರ!" ಪ್ರಮಿಳಾ ಮೇಜು ದಾಟಿ ಬಂದಳು. "ಸಂಜಿಗಿ ಬರಾವ್ರು ಆ ಫೋಟೋ ನೋಡೇ ನಮ್ಮನ್ನ ಆರಿಸ್ಯಾರ! ಬಹುಮಾನದ ಫೋಟೋ ಅದು! ರೀ, ಸುಮ್ಮ ನಿಂತೀರಲ್ಲ, ಹೇಳ್ರಿ!"

"ಅದರ ಮ್ಯಾಲ ನನ್ನ ಹೆಸರು ನಿಂತೈತಿ ವೈನಿ," ಶಶಿಧರನ ದನಿ ಒಡೆಯಿತು. "ಅದೊಂದು ಬಿಡ್ರಿ. ಬೇರೆ ಏನ್ ಕೇಳಿದ್ರೂ ಕೊಡ್ತೇನಿ."

"ನಿನ್ನ ಹತ್ರ ಬೇರೆ ಏನೈತೋ ಕೊಡಾಕ? ಅಂದು ಫೋಟೋ ತೆಗೀವಾಗ ನನ್ನ ಕೇಳಿದ್ದೇನ? ಮನೀ ಹುಡುಗ, ಏನೋ ಆಡತೈತಿ ಅಂತ ಬಿಟ್ಟಿದ್ದೆ. ಮನೀ ಹುಡುಗ ಅಲ್ಲ ಅಂತ ಇವತ್ತ ಗೊತ್ತಾತು. ಹೊರಗಿನವ್ರ ಗೋಡಿ ಮ್ಯಾಲ ನನ್ನ ಮಾರಿ ಯಾಕ ಇರಬೇಕು?"

ಶಶಿಧರ ಮೊಬೈಲು ತೆಗೆದ. ಪೇಜಿನ ತುದಿಯಲ್ಲಿದ್ದ ಆ ಫೋಟೋದ ಮೇಲೆ ಬೆರಳಿಟ್ಟ. ಪ್ರಮಿಳಾ ಅವನ ಕೈ ಹಿಡಿದು ಜಗ್ಗಿದಳು. "ಹುಚ್ಚು ಹಿಡೀತೇನ್ರಿ? ಇಷ್ಟು ವರ್ಷದ್ದೆಲ್ಲ ಮಣ್ಣಾಗತೈತಿ!" ಅವನು ಕೈ ಬಿಡಿಸಿಕೊಂಡ. ಅಳಿಸಿದ. ಸ್ಟೂಲಿನ ಮೇಲೆ ಹತ್ತಿ, ಗೋಡೆಯ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿ ಇಳಿಸಿದ. ಅದು ಭಾರವಿತ್ತು. ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿಯಿತು.

"ಬುಟ್ಟಿನೂ ಖಾಲಿ ಮಾಡು," ಎಂದಳು ದಾನೇಶ್ವರಿ.

ಅದನ್ನೂ ಮಾಡಿದ. ಮಾಡಿದವನು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ಅಣ್ಣನ್ನ ನಾನ ಕೊಂದೆ ವೈನಿ... ಸತ್ತಾಂವನ್ನ ಮತ್ತ ನಾನ ಕೊಂದೆ... ಭಟ್ಟಿ ಶಶಿ ಅಂದ್ರಂತ ನಾಚಿಕಿ ಆಗಿತ್ರಿ... ಕ್ವಾಲಿಟಿ ಅಲ್ರಿ, ನಾಚಿಕಿ..."

ಅವನ ಅಳು ನೋಡಿ ಅವಳಿಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ. ಬರಲಿಲ್ಲ. ಬಾಗಿಲ ತನಕ ಹೋಗಿ ನಿಂತಳು.

"ಮಾನಾಮಿ ಅಮಾಸಿಗಿ ಹಿರ್‍ಯಾರ ಪೂಜಿ ಐತಿ. ಬಂದ್ರ ಬಾ. ಕ್ಯಾಮೆರಾ ತರಬ್ಯಾಡ."

ಮಹಾನವಮಿ ಅಮಾವಾಸ್ಯೆಯ ದಿನ ಶಶಿಧರ ಒಬ್ಬನೇ ಬಂದ. ದೊಡ್ಡ ಮಂದಿಯ ಮದುವೆ ಬೇರೆಯವರಿಗೆ ಹೋಗಿತ್ತು. ಪ್ರಮಿಳಾ ಮಾತು ಬಿಟ್ಟಿದ್ದಳು. ಅವನು ಅದನ್ನೆಲ್ಲ ಹೇಳಿಕೊಳ್ಳಲು ಬಾಯಿ ತೆರೆದಾಗ ದಾನೇಶ್ವರಿ ಕೇಳಿಸದವಳಂತೆ ಕಡುಬಿನ ಹಿಟ್ಟು ನಾದಿದಳು. ದೇವರ ಜಗಲಿಯ ಮುಂದೆ ಹೊಸ ಧೋತ್ರ, ಅಂಗಿ, ಎಡೆ ಇಟ್ಟಿದ್ದರು. ಗೋಡೆಯ ಮೇಲಿನ ಸಾಹೇಬನನ್ನು ಅವಳು ಇಳಿಸಿಬಿಟ್ಟಿದ್ದಳು. ಫೋಟೋ ಇಲ್ಲದ ಜಾಗಕ್ಕೇ ವಿಭೂತಿ ಹಚ್ಚಿ, ಹೂವು ಏರಿಸಿದ್ದಳು.

ಬಾಳಿ ಬಾಗಿಲ ಹಿಂದೆ ನಿಂತಿದ್ದಳು. ಕಾಕಾನ ಹತ್ತಿರ ಹೋಗಲೊಲ್ಲಳು.

"ಬಾ ಅವ್ವಿ," ಎಂದ ಶಶಿಧರ. "ಚಾಕಲೇಟ್ ತಂದೇನಿ."

"ಚಾಕಲೇಟ್ ತನ್ನಷ್ಟಕ್ಕ ಇರಲಿ," ದಾನೇಶ್ವರಿ ಒಲೆಯ ಕಡೆಯಿಂದಲೇ ಅಂದಳು. "ಅವರಪ್ಪನ್ನ ಅಳಿಸಿದಾಂವ ನೀ. ಎದುರು ಕುಂತು ಬಾಯಿಲೆ ಹೇಳು, ಅವರು ಹ್ಯಾಂಗಿದ್ರು ಅಂತ."

ಶಶಿಧರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಕರಿ ಪ್ಯಾಂಟಿಗೆ ಸಗಣಿ ನೆಲದ ಧೂಳು ಹತ್ತಿತು. ಏನು ಹೇಳುವುದು? ಲಕ್ಷ ಫೋಟೋ ತೆಗೆದವನಿಗೆ ಒಂದು ಮುಖ ಹೇಳಲು ಮಾತು ಸಿಗಲಿಲ್ಲ. ಬಾಳಿ ಮೆಲ್ಲಗೆ ಎರಡು ಹೆಜ್ಜೆ ಬಂದಳು.

"ಕಾಕಾ... ಅಪ್ಪ ನಗತಿದ್ನಲ್ಲ, ಆ ಫೋಟೋದಾಗ. ಅವಾಗ ಸಪ್ಪಳ ಹ್ಯಾಂಗ ಬರ್ತಿತ್ತು?"

ಶಶಿಧರ ಅವಳನ್ನು ನೋಡಿದ. ತಲೆ ಹಿಂದಕ್ಕೆ ಚೆಲ್ಲಿದ. ಬಾಯಿ ತೆರೆದ. "ಹ... ಹ..." ಎಂದ. ಕಣ್ಣಿನಿಂದ ನೀರು ಇಳಿದು ತೀಡಿದ ಗಡ್ಡದೊಳಗೆ ಹೋಯಿತು. ಮತ್ತೊಮ್ಮೆ ತಲೆ ಚೆಲ್ಲಿದ, ಈ ಸಲ ಅಷ್ಟೂ ಬರಲಿಲ್ಲ. ಬಾಳಿ ಅರ್ಥವಾಗದೆ ಅವ್ವನ ಕಡೆ ತಿರುಗಿದಳು.

ದಾನೇಶ್ವರಿ ಹಿಟ್ಟಿನ ಕೈ ಝಾಡಿಸುತ್ತ ಬಂದು ಮೈದುನನ ಮುಂದೆ ನಿಂತಳು.

"ಇಷ್ಟು ಸಣ್ಣಗ ನಗತಿರಲಿಲ್ಲ ಅವರು. ಇಡೀ ಭಟ್ಟಿಗಿ ಕೇಳತಿತ್ತು. ಜೋರಾಗಿ ನಗು."