ನೋಡಿ ಕೇಳುವವನು

ಮಾತಾಡುವಾಗ ಅವನು ನನ್ನ ತುಟಿಗಳನ್ನೇ ನೋಡುತ್ತಾನೆ. ಅದಕ್ಕೇ ಅವನೆದುರು ಅರ್ಧ ಮಾತು ನುಂಗಿಬಿಡುತ್ತೇನೆ. ನುಂಗಿದ್ದೆಲ್ಲ ಡೈರಿಗೆ.

ಅವನ ಅಕ್ಕನ ಮನೆಯ ಮಹಡಿ ರೂಮೇ ನಮ್ಮ ಆಫೀಸು. ಹಾಡಿನ ಫೈಲುಗಳನ್ನು ದನಿ ಕೆಡದಂತೆ ಚಿಕ್ಕದು ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅವನದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಿದ್ದಬಹುದು. ಪ್ರತಿ ಹೊಸ ಆವೃತ್ತಿ ಬಿಡುವ ಮುಂಚೆ, ಹಳೆಯದು ಯಾವುದು, ಹೊಸದು ಯಾವುದು ಅಂತ ಹೇಳದೆ ನಾನು ಹಾಡು ಹಾಕಬೇಕು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇವೆ. ತೀರ್ಪು ಮಾತ್ರ ಅವನದು. ಅವನ ಕಿವಿ ಒಪ್ಪಿದರೇ ರಿಲೀಸ್.

ಇವತ್ತು ರಿಲೀಸ್ ದಿನ. ಚಹಾ ತಂದಿಟ್ಟ ಅಕ್ಕ ನಕ್ಕರು. "ಏನೋ, ಕೋಡ್ ಎಲ್ಲ ಅವಳ ಮುಖದ ಮೇಲೇ ಬರೆದಿದೆಯಾ? ಹಾಗೆ ನೋಡ್ತಿದ್ದೀಯ!"

"ಸುಮ್ನೆ ಹೋಗೇ ಅಕ್ಕಾ."

ಅಕ್ಕ ಕೆಳಗಿಳಿದರೂ ನನ್ನ ಕೆನ್ನೆಯ ಬಿಸಿ ಇಳಿಯಲಿಲ್ಲ. ಆ ಗಡಿಬಿಡಿಯಲ್ಲಿ ತಪ್ಪು ಫೈಲ್ ಒತ್ತಿಬಿಟ್ಟೆ. ಯಾವತ್ತೋ ಬಿಸಾಕಿದ್ದ ಆವೃತ್ತಿ ಅದು. ತಾಳದ ಪ್ರತಿ ಪೆಟ್ಟಿನ ಹಿಂದೆ ಹಾವು ಬುಸುಗುಟ್ಟಿದ ಹಾಗೆ ಸದ್ದು.

ತಡೆಯುವಷ್ಟರಲ್ಲಿ ಅವನು ಕಣ್ಣು ತೆರೆದು ಹೆಡ್‌ಫೋನ್ ತೆಗೆದ.

"ಆಹಾ, ತಿಳಿನೀರು! ಹೊಸದು ಇದೇ ಅಲ್ವಾ, ಕಿವಿ ಮೇಡಂ? ಬಿಟ್ಟುಬಿಡೋಣ."

ಆ ಬುಸುಗುಟ್ಟುವ ಸದ್ದು ಇವನಿಗೆ ಕೇಳಿಸಲೇ ಇಲ್ಲವೇ? ಅನುಮಾನ ಬಂದು ಕಿಟಕಿಯತ್ತ ತಿರುಗಿ, ಮೆಲ್ಲಗೆ, ಬಾಯಿಗೆ ಬಂದದ್ದನ್ನೇ ಅಂದೆ: "ನಂಗೆ ನೀವಂದ್ರೆ ಇಷ್ಟ."

"ಏನೋ ಅಂದ್ಯಾ? ಈ ಕಡೆ ತಿರುಗಿ ಹೇಳು."

ಅಷ್ಟೇ. ನಾನು ಡೈರಿ ತುಂಬ ಬರೆದುಕೊಂಡ ಆ ನೋಟ, ಅವನಿಗೆ ಮಾತು ಕೇಳಿಸಿಕೊಳ್ಳುವ ದಾರಿ. ಅಳು ಒತ್ತರಿಸಿ ಬಂತು. ಆದರೂ ಮೊದಲು ಹೇಳಬೇಕಾದದ್ದು ಬೇರೆಯೇ ಇತ್ತು.

"ರಿಲೀಸ್ ಬೇಡ. ತಪ್ಪು ಫೈಲ್ ಹಾಕಿದ್ದೆ. ಪೂರ್ತಿ ಬುಸುಗುಡ್ತಿತ್ತು. ನಿಮಗೆ... ಕೇಳಿಸ್ಲಿಲ್ಲ."

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತ.

"ಚೂಪು ಸದ್ದುಗಳೆಲ್ಲ ಒಂದೊಂದಾಗಿ ಹೋಗ್ತಿವೆ. ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಅಕ್ಕನಿಗೂ ಹೇಳಿಲ್ಲ. ಈ ಕೆಲಸಾನೂ ಹೋದ್ರೆ ನನ್ನಲ್ಲಿ ಇನ್ನೇನು ಉಳಿಯತ್ತೆ ಹೇಳು?"

"ಅದಕ್ಕೇನಾ ನನ್ನ ಮುಖ ನೋಡ್ತಿದ್ದದ್ದು?"

"ಮೊದಮೊದಲು ಅದಕ್ಕೇ." ತಲೆಯೆತ್ತಿದ. "ಆಮೇಲೆ ನೀನು ಸುಮ್ಮನೆ ಕೂತಾಗಲೂ ನೋಡ್ತಿದ್ನಲ್ಲ, ಅದು ಯಾತಕ್ಕೆ ಅಂತ ಯೋಚಿಸ್ಲೇ ಇಲ್ವಾ?"

ಅವನು ತನ್ನ ಹೆಡ್‌ಫೋನನ್ನು ನನ್ನ ಮಡಿಲಲ್ಲಿಟ್ಟ. "ಇನ್ಮೇಲೆ ತೀರ್ಪು ನಿಂದು. ಈಗ ಹೇಳು, ಕಿಟಕಿಗೆ ಏನಂದೆ?"

ಕುರ್ಚಿಯನ್ನು ಬೆಳಕಿಗೆ ತಿರುಗಿಸಿದೆ. ಮುಖಕ್ಕೆ ಬಿದ್ದ ಕೂದಲು ಸರಿಸಿ, ದನಿಯೇ ಇಲ್ಲದೆ, ಬರೀ ತುಟಿಯಲ್ಲಿ, ನಿಧಾನವಾಗಿ ಅದನ್ನೇ ಹೇಳಿದೆ.

ಅವನ ಕಣ್ಣು ತುಂಬಿ ಬಂತು. ಅಂಗೈಯಿಂದ ಒರೆಸಿಕೊಂಡ.

"ಮಂಜಾಗಿಬಿಡ್ತು," ಅಂದ. "ಇನ್ನೊಂದ್ಸಲ ಹೇಳು."